ಕಡೆಯ ಕಾರ್ತಿಕ ಸೋಮವಾರದ ಬಾಂಗ್

ರಾಣೆಬೆನ್ನೂರು
12-3-2025

ನೀಲಗಂಗಾ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ, ಬರೆದಿಲ್ಲ. ರಂಜಾನಿನ ಉಪವಾಸ, ರೋಜಾ ಇದ್ದಾಗ ಯಾರಿಗೂ ಬೈಯಬಾರದು. ಅದಕ್ಕೇ ಬೆಳಗಿನಿಂದ ಬಾಯಿ ಬಿಗಿದುಕೊಂಡು ಕೂತಿದ್ದೆ. ಈಗ ಮಸೀದಿಯಲ್ಲಿ ಸಂಜೆಯ ಬಾಂಗ್ ಆಯಿತು, ಖರ್ಜೂರ ತಿಂದು ನೀರು ಕುಡಿದೆ. ಇನ್ನು ಬೈಯುತ್ತೇನೆ.

ಪೊಲೀಸರು ಕೋರ್ಟಿಗೆ ಕೊಟ್ಟ ಚಾರ್ಜ್‌ಶೀಟಿನ ನಕಲು ನಿನ್ನೆ ಹಾವೇರಿಯಲ್ಲಿ ಸಿಕ್ಕಿತು. ನಮ್ಮ ವಕೀಲರು ಮಹೇಶ್ವರಿ ಮೇಡಂ ಒಂದೊಂದೇ ಹಾಳೆ ಓದಿ ಹೇಳಿದರು. ನನ್ನ ಮಗ ಕೈಸರ ನಿನ್ನ ಮೈದುನ ಕೊಟ್ರೇಶನಿಗೆ ಗುಂಡು ಹೊಡೆದ ಎಂದು ನಿನ್ನ ಭಾವ ಪ್ರಭುಲಿಂಗಪ್ಪ ಹೇಳಿದ್ದು ಹೊಸದಲ್ಲ. ಬೆಳಿಗ್ಗೆ ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಜಗಳವಾಯಿತಂತೆ, ಸಂಜೆ ಕೈಸರ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಿಂದ ಬಂದವನೇ ಪ್ರಭುಲಿಂಗಪ್ಪನ ಬಂದೂಕು ಕಸಿದುಕೊಂಡು ಹೊಡೆದನಂತೆ. ಆ ಸುಳ್ಳು ಮೂರೂವರೆ ತಿಂಗಳಿನಿಂದ ಕೇಳಿ ಕೇಳಿ ಕಿವಿ ಮರಗಟ್ಟಿದೆ. ಆದರೆ ಹನ್ನೊಂದನೆಯ ಸಾಕ್ಷಿಯ ಹೆಸರು ಓದಿದಾಗ ನನ್ನ ಎದೆ ಒಡೆಯಿತು. ನೀಲಗಂಗವ್ವ, ವಯಸ್ಸು ಐವತ್ತೊಂದು, ರೊಟ್ಟಿ ಮಾಡುವ ಕೆಲಸ. ‘ಸಂಜೆ ಆರೂವರೆ ಗಂಟೆಗೆ ಗುಂಡಿನ ಸಪ್ಪಳ ಕೇಳಿ ಹೊರಗೆ ಬಂದೆನು.’

ಆರೂವರೆಯಂತೆ! ನಿನ್ನ ಮನೆಗೆ ಗಡಿಯಾರ ಯಾವಾಗ ಬಂತು? ಖಾನಾವಳಿಯವರು ರೊಟ್ಟಿ ಒಯ್ಯಲು ಬರುವ ಹೊತ್ತಾಯಿತೇನೇ ಎಂದು ಮೂವತ್ತು ವರ್ಷ ಗೋಡೆಯಾಚೆಯಿಂದ ನನ್ನನ್ನು ಕೂಗಿ ಕೇಳಿದವಳು ನೀನು.

ಅಂದು ನವೆಂಬರ್ 25ರ ಸಂಜೆ ಐದು ಐವತ್ತಕ್ಕೆ ಮೋಟೆಬೆನ್ನೂರಿನ ಬಂಕಿನಲ್ಲಿ ಕೈಸರ ಡೀಸೆಲ್ ಹಾಕಿಸಿದ್ದಾನೆ, ಅಲ್ಲಿನ ಕ್ಯಾಮೆರಾದಲ್ಲಿ ಮುಖ ಬಂದಿದೆ. ಅಲ್ಲಿಂದ ಆ ಹಳೆಯ ಗಾಡಿ ನಮ್ಮ ಓಣಿಗೆ ಬರಲು ನಲವತ್ತು ನಿಮಿಷ ಬೇಕು. ಅಂದರೆ ಸರಿಯಾಗಿ ಆರೂವರೆ. ಬಂದಾಗ ಕೊಟ್ರೇಶ ರಕ್ತದಲ್ಲಿ ಬಿದ್ದಿದ್ದ, ಎತ್ತಿ ಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ಒಯ್ದ. ಅವನ ಅಂಗಿಯ ಮೇಲಿನ ಆ ರಕ್ತವನ್ನೇ ಸಾಕ್ಷಿ ಮಾಡಿದ್ದಾರೆ. ಈಗ ನಿನ್ನ ಆರೂವರೆಯೂ ಸೇರಿ ಕುಣಿಕೆ ಅವನ ಕೊರಳಿಗೆ ಹೊಲಿದ ಹಾಗೆ ಕೂತಿದೆ.

ಸಾಕ್ಷಿಗೆ ಕಾಗದ ಬರೆಯಬೇಡಿ ಎಂದು ಮೇಡಂ ಎಚ್ಚರಿಸಿದ್ದಾರೆ. ಬರೆಯುತ್ತೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಉಗುಳಿಬಿಡುತ್ತೇನೆ, ಅದಕ್ಕೇ ಕಾಗದ. ಬ್ಯಾಡಗಿಯಲ್ಲಿ ನಿನ್ನ ಮಗಳು ಸುಧಾರಾಣಿಯ ಮನೆ ವಿಳಾಸ ನನಗೆ ಬಾಯಿಪಾಠ, ಅವಳ ಮದುವೆಯ ಕುಪ್ಪಸ ಹೊಲಿದವಳು ನಾನೇ. ಆರೂವರೆ ಎಂದ ನಿನ್ನ ನಾಲಿಗೆಗೆ ಹುಳ ಬೀಳಲಿ.

ಕೈಸರನ ತಾಯಿ
ಮುಮ್ತಾಜಬಿ


ಬ್ಯಾಡಗಿ
21-3-2025

ಮುಮ್ತಾಜ,

ಬೈದೆ, ಸರಿ. ಆದರೆ ಮಾಡದ್ದನ್ನು ಮಾಡಿದೆ ಎನ್ನಬೇಡ. ಆರೂವರೆ ಎಂಬ ಮಾತು ನನ್ನ ಬಾಯಿಂದ ಬಂದಿಲ್ಲ.

ಎರಡು ತಿಂಗಳು ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಫೆಬ್ರುವರಿ ಆರರಂದು ಸಂಜೆ ಸ್ಟೇಷನ್ನಿಗೆ ಕರೆಸಿದರು. ಮರುದಿನವೇ ಭಾವನವರು ನನ್ನನ್ನು ಬ್ಯಾಡಗಿಗೆ ಕಳಿಸಿದರು, ಆದ್ದರಿಂದ ತಾರೀಖು ಚೆನ್ನಾಗಿ ನೆನಪಿದೆ. ಭಾವನವರು ಪಕ್ಕದಲ್ಲೇ ಕೂತಿದ್ದರು. ಸಪ್ಪಳ ಯಾವಾಗ ಕೇಳಿತು ಎಂದು ಬರೆಯುವ ಪೊಲೀಸಪ್ಪ ಕೇಳಿದ. ನಾನು ಇದ್ದದ್ದನ್ನೇ ಹೇಳಿದೆ. “ಸಂಜೀ ಬಾಂಗ್ ಆಗಾಕತ್ತಿತ್ರಿ. ಕಡೀ ಕಾರ್ತಿಕ ಸೋಮವಾರ, ದೀಪಾ ಹಚ್ಚಾಕ ಎದ್ದಿದ್ದೆ” ಎಂದೆ. ಎಷ್ಟು ಗಂಟೆ ಎಂದ. ಗೊತ್ತಿಲ್ಲ ಎಂದೆ. ಅಷ್ಟರಲ್ಲಿ ಸ್ಟೇಷನ್ನಿನ ಹಿಂದಿನ ಮಸೀದಿಯಲ್ಲಿ ಬಾಂಗ್ ಶುರುವಾಯಿತು. ಇದೇ ಬಾಂಗ್ ತಾನೇ ಎಂದು ಕೇಳಿದ, ಹೌದೆಂದೆ. ಅವನು ಕೈಗಡಿಯಾರ ನೋಡಿ ಏನೋ ಬರೆದುಕೊಂಡ. ನನಗೆ ಓದಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸತ್ತವನು ನನ್ನ ಮೈದುನ. ನಾನು ಸೊಸೆಯಾಗಿ ಬಂದಾಗ ಅವನಿಗೆ ಆರು ವರ್ಷ. ನನ್ನ ಕೈಯ ರೊಟ್ಟಿ ತಿಂದು ಬೆಳೆದವನು. ಹೊಟ್ಟೆ ಉರಿಯುವುದು ನಿನಗೊಬ್ಬಳಿಗೇ ಎಂದು ತಿಳಿಯಬೇಡ. ಇಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯಲು ಹೋಗುತ್ತಿದ್ದೇನೆ. ಸಂಜೆ ಎಷ್ಟು ಸಲ ತೊಳೆದರೂ ಕೈ ಉರಿ ಹೋಗುವುದಿಲ್ಲ.

ಇನ್ನು ಬರೆಯಬೇಡ. ಪೋಸ್ಟ್‌ಮ್ಯಾನನಿಂದ ಕಾಗದ ಇಸಿದುಕೊಂಡ ಅಳಿಯ, ಇದು ಯಾರದು ಎಂದು ಎರಡು ಸಲ ಕೇಳಿದ.

ನಿನ್ನ
ನೀಲಗಂಗಾ
(ಬೇಡವಾದರೆ ‘ನಿನ್ನ’ ಹೊಡೆದುಹಾಕು)


ರಾಣೆಬೆನ್ನೂರು
28-3-2025

ನೀಲಗಂಗಾ,

‘ನಿನ್ನ’ ಹೊಡೆದುಹಾಕಿದ್ದೇನೆ.

ನಿನ್ನ ಕಾಗದವನ್ನು ಒಲೆಗೆ ಹಾಕಲು ಎದ್ದಿದ್ದೆ. ಆಗ ರೋಜಾ ಬಿಡುವ ಹೊತ್ತು. ಇವತ್ತಿನ ಬಾಂಗ್ ಎಷ್ಟಕ್ಕೆ ಎಂದು ಗೋಡೆಯ ಮೇಲಿನ ಮಸೀದಿ ಕ್ಯಾಲೆಂಡರ್ ನೋಡಿದೆ, ಅಲ್ಲೇ ನಿಂತುಬಿಟ್ಟೆ. ಸಂಜೆಯ ಬಾಂಗ್ ಗಡಿಯಾರದ ಮಾತು ಕೇಳುವುದಿಲ್ಲ, ಹೊತ್ತು ಮುಳುಗುವುದನ್ನು ಕೇಳುತ್ತದೆ. ಚಳಿಗಾಲದಲ್ಲಿ ಬೇಗ, ಬೇಸಿಗೆಯಲ್ಲಿ ತಡ. ಅದು ನನಗೂ ಗೊತ್ತು, ದೀಪ ಹಚ್ಚುವ ನಿನಗೂ ಗೊತ್ತು. ಗೊತ್ತಿಲ್ಲದವನು ಆ ಪೊಲೀಸಪ್ಪ ಒಬ್ಬನೇ.

ಹೋದ ವರ್ಷದ ಕ್ಯಾಲೆಂಡರನ್ನು ಕುಪ್ಪಸದ ಅಳತೆ ಕತ್ತರಿಸಲು ಇಟ್ಟುಕೊಂಡಿದ್ದೆ. ನವೆಂಬರಿನ ಹಾಳೆಯಲ್ಲಿ ಆಗಲೇ ಒಂದು ತೋಳು ಕತ್ತರಿಸಿಬಿಟ್ಟಿದ್ದೆ. ಬಿಡಿಸಿ ನೋಡಿದರೆ, ಕೊನೆಯ ವಾರ ಉಳಿದಿದೆ. ನವೆಂಬರ್ 25ರ ಸಂಜೆ ಬಾಂಗ್ ಐದು ಐವತ್ತೆಂಟಕ್ಕೆ. ಗೋಡೆಯ ಮೇಲಿನ ಈ ವರ್ಷದ್ದರಲ್ಲಿ ಫೆಬ್ರುವರಿ 6ರದು ಆರು ಮೂವತ್ತೊಂದಕ್ಕೆ. ಅವನು ಫೆಬ್ರುವರಿಯ ಬಾಂಗನ್ನು ತಂದು ನವೆಂಬರಿಗೆ ಬರೆದಿದ್ದಾನೆ! ಐದು ಐವತ್ತೆಂಟಕ್ಕೆ ನನ್ನ ಮಗ ಮೋಟೆಬೆನ್ನೂರಿನ ಬಂಕು ಬಿಟ್ಟು ಎಂಟು ನಿಮಿಷವಾಗಿತ್ತು ಅಷ್ಟೇ.

ಆ ಸಪ್ಪಳ ನಾನೂ ಕೇಳಿರಬೇಕು. ನಮಾಜಿಗೆ ಕೈಕಾಲು ತೊಳೆಯುತ್ತಿದ್ದೆ, ಗುಡಿಯ ಕಡೆ ಕಾರ್ತಿಕದ ಪಟಾಕಿ ಹಾರುತ್ತಿದ್ದವು, ಇದೂ ಒಂದು ಪಟಾಕಿ ಎಂದುಕೊಂಡೆ. ಓಣಿಯವರೆಲ್ಲ ಗುಡಿಯಲ್ಲಿದ್ದರು. ಆರೋಪಿಯ ತಾಯಿಯ ಮಾತನ್ನು ಯಾವ ಕೋರ್ಟು ನಂಬುತ್ತದೆ? ಹೇಳಬೇಕಾದವಳು ನೀನು. ಕೋರ್ಟಿಗೆ ಬಂದು ಖರೆ ಹೇಳು.

ಇನ್ನೊಂದು. ಆಸ್ಪತ್ರೆಯ ದಾಖಲೆಯಲ್ಲಿ ಕೊಟ್ರೇಶ ಬಂದದ್ದು ಆರು ಮುಕ್ಕಾಲಿಗೆ, ಬಂದ ಸ್ವಲ್ಪ ಹೊತ್ತಿಗೆ ತೀರಿಕೊಂಡ. ಆಸ್ಪತ್ರೆ ನಮ್ಮ ಓಣಿಯಿಂದ ಐದು ನಿಮಿಷದ ದಾರಿ. ಗುಂಡು ಬಿದ್ದದ್ದು ಐದು ಐವತ್ತೆಂಟಕ್ಕಾದರೆ, ನನ್ನ ಮಗ ಬರುವ ತನಕ ಆ ಮನೆಯಲ್ಲಿ ನೀವೆಲ್ಲ ಏನು ಮಾಡುತ್ತಿದ್ದಿರಿ?

ಮುಮ್ತಾಜಬಿ


ಬ್ಯಾಡಗಿ
9-5-2025

ಮುಮ್ತಾಜ,

ನೀನು ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ.

ನಮ್ಮ ಯಜಮಾನರು ತೀರಿಹೋದ ಮೇಲೆ ಇಪ್ಪತ್ತು ವರ್ಷದಿಂದ ಭಾವನವರ ಮನೆಯ ಹಿಂದಿನ ಎರಡು ಕೋಣೆಯಲ್ಲಿದ್ದೇನೆ. ಆ ಕೋಣೆ ಬಿಟ್ಟರೆ ನನಗೆ ಊರಿಲ್ಲ. ಸುಧಾರಾಣಿಯ ಮನೆಯಲ್ಲಿ ಎಷ್ಟು ದಿನ ಎಂದು ಅಳಿಯನ ಮುಖವೇ ಕೇಳುತ್ತದೆ. ಖರೆ ಹೇಳು ಎಂದು ಬರೆಯುವುದು ಸುಲಭ, ನಿನ್ನದು ಸ್ವಂತ ಮನೆ.

ನಿನ್ನ ಮಗನೇನು ಕಡಿಮೆಯೇ? ಗಾಡಿ ಓಣಿಯ ಬಾಯಲ್ಲಿ ನಿಲ್ಲಿಸಬೇಡ ಎಂದು ಕೊಟ್ರೇಶ ಎಷ್ಟು ಸಲ ಹೇಳಿರಲಿಲ್ಲ? ಅಂದು ಬೆಳಿಗ್ಗೆ ಕೈಸರ ಅವನ ಅಂಗಿ ಹಿಡಿದು ಕೂಗಾಡಿದ್ದು ಇಡೀ ಓಣಿ ನೋಡಿದೆ. ಆ ಜಗಳ ಇರದಿದ್ದರೆ ಅವನ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ.

ನನ್ನನ್ನು ಬಿಟ್ಟುಬಿಡು.

ನೀಲಗಂಗವ್ವ


ರಾಣೆಬೆನ್ನೂರು
18-6-2025

ನೀಲಗಂಗಾ,

ಜಾಮೀನು ಎರಡನೆಯ ಸಲವೂ ತಿರಸ್ಕಾರವಾಯಿತು. ಬಕ್ರೀದಿಗೆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನಿನ್ನೆ ಹಾವೇರಿ ಜೈಲಿಗೆ ಹೋಗಿದ್ದೆ. ಜಾಳಿಗೆಯ ಈಚೆ ಹತ್ತು ಜನ, ಆಚೆ ಹತ್ತು ಜನ, ಎಲ್ಲರದೂ ಚೀರಾಟ. ಅದರಲ್ಲಿ ನಿನ್ನನ್ನು ಶಪಿಸಿದೆ. ಆಗ ಕೈಸರ ಏನೆಂದ ಗೊತ್ತೇ?

“ಅಮ್ಮೀ, ನೀಲವ್ವ ಖಾಲಾಗ ಬೈಬ್ಯಾಡ. ನಾ ಹೋದಾಗ ಆಕಿ ಕೊಟ್ರೇಶಣ್ಣನ ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ಲು.”

ಇನ್ನೂ ನಿನ್ನನ್ನು ಖಾಲಾ, ಚಿಕ್ಕಮ್ಮ ಎನ್ನುತ್ತಾನೆ. ನನಗೆ ಯಾಕೋ ಮೊದಲೇ ಹೇಳಲಿಲ್ಲ ಎಂದು ಕೇಳಿದೆ. ಪೊಲೀಸರಿಗೆ ಅಂದೇ ಹೇಳಿದ್ದನಂತೆ, ಬರೆದುಕೊಳ್ಳಲಿಲ್ಲವಂತೆ. ನನಗೆ ಹೇಳಿದರೆ ಓಣಿಯಲ್ಲಿ ಹೋಗಿ ನಿನ್ನ ಜುಟ್ಟು ಹಿಡಿಯುತ್ತೇನೆಂದು ಸುಮ್ಮನಿದ್ದನಂತೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ನನ್ನನ್ನು ಸರಿಯಾಗಿ ಬಲ್ಲ.

ಸಪ್ಪಳ ಕೇಳಿ ಹೊರಗೆ ಬಂದೆನು ಎಂದಿದ್ದೀಯಲ್ಲ? ಮಹಾತಾಯಿ, ನೀನು ಒಳಗೇ ಇದ್ದೆ! ಎಲ್ಲ ಕಣ್ಣಾರೆ ಕಂಡಿದ್ದೀ. ಅಂಗಿ ಹಿಡಿದದ್ದು ಇಡೀ ಓಣಿ ನೋಡಿತಂತೆ. ಗುಂಡು ಹೊಡೆದದ್ದು ನೀನೊಬ್ಬಳೇ ನೋಡಿದೆ, ಅದಕ್ಕೆ ಮಾತ್ರ ಬಾಯಿಗೆ ಬೀಗ. ಕೋಣೆ ಹೋಗುತ್ತದೆ ಎಂದು ಅಳುತ್ತೀಯಾ? ನನ್ನ ಮಗ ಇರುವುದೂ ಕೋಣೆಯಲ್ಲೇ. ಬಾ, ನೋಡು, ಎಷ್ಟು ಚೆನ್ನಾಗಿದೆ.

ನೀನು ಬಡಿದ ರೊಟ್ಟಿ ತಿಂದವರಿಗೆಲ್ಲ ಹೊಟ್ಟೆ ನೋಯಲಿ. ನಾನೂ ತಿಂದಿದ್ದೇನೆ, ನನಗೂ ನೋಯಲಿ.

ಮುಮ್ತಾಜಬಿ


ಬ್ಯಾಡಗಿ
31-8-2025

ಮುಮ್ತಾಜ,

ನೀನು ಮತ್ತೆ ಬರೆಯಲಿಲ್ಲ. ಬೈದು ಬರೆಯುತ್ತೀಯೆಂದು ಎರಡು ತಿಂಗಳು ಪೋಸ್ಟಿನ ದಾರಿ ಕಾದೆ. ಈಗ ನಾನೇ ಬರೆಯುತ್ತೇನೆ.

ಅಂದು ಮಾಳಿಗೆಯ ಮೇಲೆ ಗೋವಿನಜೋಳದ ತೆನೆ ಒಣಹಾಕಿದ್ದೆವು. ನಾಲ್ಕು ದಿನದಿಂದ ಮಂಗಗಳ ಕಾಟ. ಕುಪ್ಪೇಲೂರಿನ ಹೊಲದ ಬೆಳೆ ಕಾಯಲೆಂದು ಲೈಸೆನ್ಸು ಮಾಡಿಸಿದ ಬಂದೂಕನ್ನು ಭಾವನವರು ಹಿತ್ತಲಿಗೆ ತಂದು ನಿಂತರು. ಕೊಟ್ರೇಶ ಕೋಲು ಹಿಡಿದು ಮಂಗ ಓಡಿಸಲು ಆಚೆಯ ಮೆಟ್ಟಿಲಿನಿಂದ ಹತ್ತಿದ್ದು ಅವರಿಗೆ ಗೊತ್ತಿರಲಿಲ್ಲ. ಬಾಂಗ್ ಶುರುವಾಯಿತು, ನಾನು ಹಣತೆ ಹಿಡಿದು ತುಳಸಿಯ ಹತ್ತಿರ ಬಂದೆ. ಗುಂಡು ಹಾರಿತು. ಮಂಗಗಳು ಓಡಿದವು, ಕೊಟ್ರೇಶ ಮೆಟ್ಟಿಲ ಮೇಲೆ ಬಿದ್ದ.

ಅವನು ಸತ್ತಿರಲಿಲ್ಲ ಮುಮ್ತಾಜ. “ವೈನಿ, ನೀರು” ಎಂದ. ನೀರು ಕೊಟ್ಟೆ. ದವಾಖಾನೆಗೆ ಒಯ್ಯೋಣ ಎಂದು ಭಾವನವರ ಕಾಲು ಹಿಡಿದೆ. ಅವರು ಮುಂಬಾಗಿಲ ಅಗಳಿ ಹಾಕಿ ಬಂದು ಕಟ್ಟೆಯ ಮೇಲೆ ಕೂತರು. ಪ್ರತಿ ಶನಿವಾರ ಕದರಮಂಡಲಗಿಗೆ ಹೋಗಿ ಹಣಮಪ್ಪನಿಗೆ ಎಣ್ಣೆ ಹಾಕಿ ಬರುವ ಮನುಷ್ಯ. “ಮಂಗ್ಯಾಗ ಗುಂಡ ಹಾರಿಸಿದೆ ಅಂತ ಯಾವ ಬಾಯಿಂದ ಹೇಳ್ಲಿ? ಒಂದೀಟು ತಡಿ, ವಿಚಾರ ಮಾಡೋಣು” ಎಂದರು. ಅವರು ವಿಚಾರ ಮಾಡುತ್ತಲೇ ಇದ್ದರು. ರಕ್ತ ನನ್ನ ಸೀರೆಯೆಲ್ಲ ತೋಯಿಸಿತು. ನಾನು ಗೋಡೆಯಾಚೆ ನಿನ್ನನ್ನು ಕೂಗಬಹುದಿತ್ತು. ನಿನ್ನ ಹೊಲಿಗೆ ಯಂತ್ರದ ಸಪ್ಪಳ ಕೇಳುತ್ತಿತ್ತು. ಕೂಗಲಿಲ್ಲ.

ಕೊನೆಗೆ ಕೈಸರನ ಗಾಡಿಯ ಸಪ್ಪಳ ಕೇಳಿತು. ಇನ್ನು ತಡೆಯಲಾರದೆ ಹಿತ್ತಲ ಬಾಗಿಲು ತೆಗೆದು ಅವನನ್ನು ಕರೆದವಳು ನಾನೇ. ಬೆಳಿಗ್ಗೆ ಜಗಳಾಡಿದವನು ಒಂದು ಮಾತೂ ಕೇಳಲಿಲ್ಲ. ಮಗುವಿನ ಹಾಗೆ ಎತ್ತಿಕೊಂಡು ಓಡಿದ. ಭಾವನವರು ಅವನ ಹಿಂದೆಯೇ ಹೋದರು. ಕೊಟ್ರೇಶ ಹೋದ ಎಂದು ಡಾಕ್ಟರು ಹೇಳಿದಾಗ, ರಕ್ತ ಮೆತ್ತಿಕೊಂಡು ನಿಂತವನನ್ನು ತೋರಿಸಿ ಇವನೇ ಹೊಡೆದವನು ಎಂದರು.

ಅವನನ್ನು ಕರೆಯದಿದ್ದರೆ ಅವನು ಜೈಲಿನಲ್ಲಿ ಇರುತ್ತಿರಲಿಲ್ಲ. ಇದೇ ನನ್ನ ಉರಿ. ಇಷ್ಟೇ ಇರುವುದು.

ನೀಲಗಂಗಾ


ರಾಣೆಬೆನ್ನೂರು
7-9-2025

ಓದಿದೆ. ಮೂರು ಸಲ ಓದಿದೆ.

ನಮ್ಮಿಬ್ಬರ ನಡುವಿನ ಗೋಡೆ ಒಂದು ಇಟ್ಟಿಗೆ ಅಗಲದ್ದು. ಕರೆದಿದ್ದರೆ ಕೊಟ್ರೇಶನೂ ಬದುಕುತ್ತಿದ್ದ. ಒಂಬತ್ತು ತಿಂಗಳು ಇದನ್ನು ನುಂಗಿಕೊಂಡು ನಿನಗೆ ನಿದ್ದೆ ಹೇಗೆ ಬಂತು? ನಿನ್ನ ಬಾಯಿಗೆ ಮಣ್ಣು ಬೀಳಲಿ.

ಕಾಗದ ತೋರಿಸಿದರೆ ಸಾಲದು, ಆಕೆಯೇ ಕಟಕಟೆಯಲ್ಲಿ ನಿಂತು ಹೇಳಬೇಕು ಎನ್ನುತ್ತಾರೆ ಮೇಡಂ. ಅಕ್ಟೋಬರ್ ಮೂವತ್ತು, ಹಾವೇರಿ ಕೋರ್ಟು. ನಾನೂ ಸಾಕ್ಷಿಯಂತೆ, ಆದ್ದರಿಂದ ಒಳಗೆ ಬಿಡುವುದಿಲ್ಲ, ಹೊರಗೆ ಬೇವಿನ ಗಿಡದ ಕೆಳಗೆ ಕೂತಿರುತ್ತೇನೆ. ನನ್ನ ಹತ್ತಿರ ಬರಬೇಡ. ಒಳಗೆ ಹೋಗು.

ಮುಮ್ತಾಜಬಿ


ಬ್ಯಾಡಗಿ
2-11-2025

ಮುಮ್ತಾಜ,

ಒಳಗೆ ಏನಾಯಿತೆಂದು ನಿನಗೆ ಮೇಡಂ ಹೇಳಿರುತ್ತಾರೆ. ಆದರೂ ನನ್ನ ಬಾಯಿಂದ ಕೇಳು.

ಸರಕಾರಿ ವಕೀಲರು ಆರೂವರೆ ತಾನೇ ಎಂದರು. ಅಲ್ಲ, ಅಂದಿನ ಬಾಂಗ್ ಹೊತ್ತಿಗೆ ಎಂದೆ. ಎಲ್ಲವನ್ನೂ ಹೇಳಿದೆ, ಮಂಗ, ಬಂದೂಕು, ಅಗಳಿ, ನೀರು. ಭಾವನವರ ಸಾಕ್ಷಿ ಮೊದಲೇ ಮುಗಿದಿತ್ತು, ಮುಂದಿನ ಬೆಂಚಿನಲ್ಲೇ ಕೂತಿದ್ದರು. ನಾನು ಅವರ ಕಾಲು ನೋಡಿಕೊಂಡು ಹೇಳಿದೆ, ಮುಖ ನೋಡಲು ಧೈರ್ಯವಾಗಲಿಲ್ಲ. ಮೇಡಂ ನಿನ್ನ ಕ್ಯಾಲೆಂಡರ್ ಕೊಟ್ಟರು. ಈ ತೂತು ಏನು ಎಂದು ಜಡ್ಜ್ ಸಾಹೇಬರು ಕೇಳಿದರು. ಕುಪ್ಪಸದ ತೋಳು ಎಂದು ಮೇಡಂ ಹೇಳಿದಾಗ ಅವರೂ ನಕ್ಕರು.

ಆಮೇಲೆ ಸರಕಾರಿ ವಕೀಲರು ನನ್ನ ಮೇಲೆಯೇ ತಿರುಗಿಬಿದ್ದರು. ಆರೋಪಿಯ ತಾಯಿ ಕಾಗದ ಬರೆದು ಪುಸಲಾಯಿಸಿದ್ದಾಳೆ, ಹೇಳಿಕೊಟ್ಟಿದ್ದಾಳೆ, ಹೌದೋ ಅಲ್ಲವೋ ಎಂದರು. ಕಾಗದ ಬರುವ ಸುದ್ದಿಯನ್ನು ಅಳಿಯ ಭಾವನವರಿಗೆ ಮುಟ್ಟಿಸಿದ್ದ.

“ಬರದಾಳ್ರಿ. ನಾಕೂ ಇಲ್ಲೇ ಅದಾವ” ಎಂದು ಚೀಲದಿಂದ ತೆಗೆದು ಕೊಟ್ಟೆ.

ಸಾಹೇಬರು ಮೊದಲನೆಯದನ್ನು ಓದಿದರು. ನಾಲಿಗೆಗೆ ಹುಳ ಬೀಳಲಿ ಎಂಬಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. ರೊಟ್ಟಿ ತಿಂದವರಿಗೆ ಹೊಟ್ಟೆ ನೋಯಲಿ ಎಂಬುದನ್ನು ಸರಕಾರಿ ವಕೀಲರ ಕೈಗೇ ಕೊಟ್ಟು, ಪುಸಲಾಯಿಸುವುದು ಎಂದರೆ ಹೀಗೆಯೇ ಎಂದು ಕೇಳಿದರು. ‘ಬಂದು ಖರೆ ಹೇಳು’ ಎಂಬ ಸಾಲು ಹಿಡಿದು ಆ ವಕೀಲರು ಮತ್ತೆ ಜಗ್ಗಾಡಿದರು.

“ಖರೇ ಹೇಳು ಅಂದಾಳ್ರಿ. ಏನ್ ಹೇಳಬೇಕಂತ ಬರದಿಲ್ಲ. ಆಕೀಗೆ ಗೊತ್ತೇ ಇರ್ಲಿಲ್ಲ. ಗೊತ್ತಿದ್ದಾಕಿ ನಾನು” ಎಂದೆ.

ನೀನು ಬೈದದ್ದೇ ಕೆಲಸಕ್ಕೆ ಬಂತು ಮುಮ್ತಾಜ. ಒಂದು ಕಾಗದದಲ್ಲಾದರೂ ಒಳ್ಳೆಯ ಮಾತು ಬರೆದಿದ್ದರೆ ನಾವಿಬ್ಬರೂ ಕೆಡುತ್ತಿದ್ದೆವು.

ಭಾವನವರು ನನ್ನ ಸಾಮಾನನ್ನೆಲ್ಲ ಓಣಿಗೆ ಎಸೆದಿದ್ದಾರೆಂದು ಕೇಳಿದೆ. ಹೋಗಲಿ. ಅಳಿಯ ಮಾತು ಬಿಟ್ಟಿದ್ದಾನೆ. ಎರಡು ದಿನದಿಂದ ಕೈ ಉರಿಯುತ್ತಿಲ್ಲ, ಕೆಲಸಕ್ಕೆ ಹೋಗಿಲ್ಲ, ಅದಕ್ಕೂ ಇರಬಹುದು.

ನೀಲಗಂಗಾ


ರಾಣೆಬೆನ್ನೂರು
25-11-2025

ನೀಲಗಂಗಾ,

ಕೈಸರನಿಗೆ ಜಾಮೀನಾಯಿತು. ಹದಿನೆಂಟಕ್ಕೆ ಮನೆಗೆ ಬಂದ. ಸೊಂಟದಲ್ಲಿ ಪ್ಯಾಂಟು ನಿಲ್ಲುವುದಿಲ್ಲ, ಎರಡೂ ಕಡೆ ಒಳಗೆ ಹಿಡಿದು ಹೊಲಿದುಕೊಟ್ಟೆ. ಕೇಸು ಇನ್ನೂ ಮುಗಿದಿಲ್ಲ. ನಿನ್ನ ಭಾವನನ್ನು ಸ್ಟೇಷನ್ನಿಗೆ ಕರೆಸುತ್ತಾರೆ, ಕಳಿಸುತ್ತಾರೆ. ಬಡವರ ಮಕ್ಕಳನ್ನು ಹಿಡಿಯುವಾಗ ಇರುವ ಅವಸರ ಅವರಿಗೆ ಈಗ ಇಲ್ಲ.

ನನ್ನ ಬೈಗುಳವನ್ನೆಲ್ಲ ಜಡ್ಜ್ ಸಾಹೇಬರಿಂದ ಓದಿಸಿದೆಯಲ್ಲ, ನಿನಗೆ ನಾಚಿಕೆಯಿಲ್ಲ. ಈಗ ಕೋರ್ಟಿಗೆ ಹೋದರೆ ಗುಮಾಸ್ತರು ನನ್ನನ್ನು ನೋಡಿ ನಗುತ್ತಾರೆ.

ನಿನ್ನನ್ನು ನಾನು ಕ್ಷಮಿಸಿಲ್ಲ. ಕೋರ್ಟಿನಲ್ಲಿ ಹೇಳಿದ್ದನ್ನು ಅಂದೇ ಸಂಜೆ ಹೇಳಬಹುದಿತ್ತು. ನನ್ನ ಮಗನ ಒಂದು ವರ್ಷ, ಕೊಟ್ರೇಶನ ಇಡೀ ಜೀವ, ಎರಡೂ ನಿನ್ನ ಕೊರಳಿಗೇ. ಇದನ್ನು ಸಾಯುವ ತನಕ ಹೇಳುತ್ತೇನೆ, ನೀನು ಕೇಳಬೇಕು.

ಓಣಿಯಲ್ಲಿ ಬಿದ್ದಿದ್ದ ನಿನ್ನ ಸಾಮಾನನ್ನು ನಾನು ಮುಟ್ಟಿರಲಿಲ್ಲ. ನಾಯಿ ಮೂಸಿದರೂ ಎದ್ದು ಹೋಗಿರಲಿಲ್ಲ. ಕೈಸರ ಬಂದ ದಿನವೇ ಹಂಚು, ಹಿಟ್ಟಿನ ಡಬ್ಬಿ, ಟ್ರಂಕು ಎಲ್ಲವನ್ನೂ ಹೊತ್ತು ತಂದು ನಮ್ಮ ಪಡಸಾಲೆಯಲ್ಲಿ ಇಟ್ಟ. ಬಿಡೋ ಎಂದೆ, ಕೇಳಲಿಲ್ಲ. “ಖಾಲಾ ಕರದಾಗ ಹೋಗಿದ್ದೆ, ಈಗ ಬಿಡ್ಲೇನ?” ಎಂದ. ಅಂಥ ಮಗನನ್ನು ಹೆತ್ತದ್ದು ನನ್ನ ತಪ್ಪು.

ಬಂದು ಒಯ್ಯಿ. ಒಯ್ದು ಇಡಲು ಜಾಗ ಇಲ್ಲದಿದ್ದರೆ ಪಡಸಾಲೆಯಲ್ಲೇ ಬಿದ್ದಿರಲಿ. ನಮ್ಮಲ್ಲಿ ಒಲೆ ಎರಡಿವೆ, ಒಂದು ಖಾಲಿ ಇದೆ. ಖಾನಾವಳಿಯವರು ಎರಡು ಸಲ ರೊಟ್ಟಿ ಕೇಳಿಕೊಂಡು ಬಂದಿದ್ದರು. ನಾನು ನಿನ್ನೊಡನೆ ಮಾತಾಡುವುದಿಲ್ಲ, ಅದನ್ನು ಈಗಲೇ ತಿಳಿದುಕೋ.

ಬರುವುದಾದರೆ ಮೊದಲು ಕಾಗದ ಹಾಕು, ಬಸ್‌ಸ್ಟ್ಯಾಂಡಿಗೆ ಕೈಸರ ಬರುತ್ತಾನಂತೆ. ಎಷ್ಟು ಹೊತ್ತಿಗೆ ಬರುತ್ತೀ ಎಂದು ಸರಿಯಾಗಿ ಬರೆ. ಬಾಂಗ್ ಹೊತ್ತಿಗೆ ಎಂದು ಬರೆಯಬೇಡ, ಗಂಟೆ ಬರೆ.

ಮುಮ್ತಾಜ